ಕೋಸ್ಟಾ ರಿಕಾದಲ್ಲಿ ಕೋಡುಬಳೆ

ಕೋಸ್ಟಾ ರಿಕಾಕ್ಕೆ ಹೋಗುತ್ತೇವೆ ಅಂದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಅದು ಅಮೆರಿಕಾದ್ದೇ ದ್ವೀಪ ಅಲ್ವಾ?" ಅಲ್ಲ, ಅದು ಪೋರ್ಟೊ ರಿಕೊ. ಇದು ನಿಕರಾಗುವಾ ಮತ್ತು ಪನಾಮಾ ನಡುವೆ ಇರುವ ಬೇರೆಯೇ ದೇಶ. ವಿಸ್ತೀರ್ಣ 51,100 ಚದರ ಕಿಲೋಮೀಟರ್. ಕರ್ನಾಟಕದ ಕಾಲು ಭಾಗಕ್ಕಿಂತ ಚೂರು ಜಾಸ್ತಿ. ಜನ ಸುಮಾರು 50 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಇಲ್ಲ.

ಎರಡನೇ ಪ್ರಶ್ನೆ ವೀಸಾದ್ದು. ಅಮೆರಿಕಾದಲ್ಲಿರುವ ಮಗಳು-ಅಳಿಯನ ಮನೆಗೆ ಬಂದ ಅಪ್ಪ-ಅಮ್ಮಂದಿರಿಗೆ ಇದೊಂದು ಅನುಕೂಲ. ಪಾಸ್‌ಪೋರ್ಟಿನಲ್ಲಿ ಹಲವು ಸಲ ಹೋಗಿಬರುವ ಅಮೆರಿಕಾ ವೀಸಾ ಚಾಲ್ತಿಯಲ್ಲಿದ್ದರೆ ಭಾರತದವರಿಗೆ ಪ್ರತ್ಯೇಕ ವೀಸಾ ಬೇಕಾಗುವುದಿಲ್ಲ. ಹೊರಡುವ ಮೊದಲು ನಿಯಮ ಇನ್ನೊಮ್ಮೆ ನೋಡಿಕೊಳ್ಳಿ, ಇಂಥವು ಬದಲಾಗುತ್ತಿರುತ್ತವೆ. ವಾಪಸ್ ಟಿಕೆಟ್ ಮಾತ್ರ ಕೈಯಲ್ಲಿರಲಿ. ದೇಶ ಬಿಟ್ಟು ಯಾವಾಗ ಹೋಗುತ್ತೀರಿ ಅಂತ ಒಳಗೆ ಬರುವಾಗಲೇ ಕೇಳುತ್ತಾರೆ. ನಮ್ಮ ಮಾವನಿಗೆ ಇದು ಸ್ವಲ್ಪ ಬೇಜಾರಾಯಿತು. "ಮನೆಗೆ ಬಂದೋರನ್ನ ಯಾವಾಗ ಹೊರಡ್ತೀರಿ ಅಂತ ಬಾಗಿಲಲ್ಲೇ ಕೇಳ್ತಾರಾ ಮಾರಾಯ್ರೇ?"

ಮಾವ ಅಂದರೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಅವರನ್ನು ಮಳೆಕಾಡು ತೋರಿಸಲು ಕರೆದುಕೊಂಡು ಹೋಗುವುದು ಎಂಥ ಸಾಹಸ ಅಂತ ನೀವೇ ಊಹಿಸಿಕೊಳ್ಳಿ. ವಿಮಾನ ಇಳಿದದ್ದೇ ಸುತ್ತಲ ಬೆಟ್ಟ ನೋಡಿದರು, ಮೋಡ ನೋಡಿದರು, ಬೇಲಿ ಬದಿಯ ಬಾಳೆ ನೋಡಿದರು. "ಇದಕ್ಕೆ ಇಷ್ಟು ದುಡ್ಡು ಕೊಟ್ಟು ಬರಬೇಕಿತ್ತಾ? ಆಗುಂಬೆಗೆ ಬಸ್ಸಿದೆ." ಅಲ್ಲಿಂದ ವಾಪಸ್ ವಿಮಾನ ಹತ್ತುವವರೆಗೆ ಆಗುಂಬೆ ನಮ್ಮ ಜೊತೆಗೇ ಇತ್ತು.

ಬಾಡಿಗೆ ಕಾರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಂಟರ್‌ನೆಟ್‌ನಲ್ಲಿ ತೋರಿಸುವ ಬಾಡಿಗೆ ನೋಡಿ ಖುಷಿಪಡಬೇಡಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಅದನ್ನು ಕೌಂಟರಿನಲ್ಲಿ ಸೇರಿಸುತ್ತಾರೆ. ನಮಗೆ ಅಸಲಿಗಿಂತ ಬಡ್ಡಿಯೇ ಜಾಸ್ತಿ ಆಯಿತು. ಎಲ್ಲ ಸೇರಿ ಎಷ್ಟು ಅಂತ ಮೊದಲೇ ಬರೆದು ಕೇಳಿ. ಭಾರತದ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಗಾಡಿ ಓಡಿಸುವುದು ರಸ್ತೆಯ ಬಲಗಡೆ.

ಇನ್ನು ಅಸಲು ವಿಷಯಕ್ಕೆ ಬರೋಣ. ಈ ದೇಶದಲ್ಲಿ ಮನೆಗಳಿಗೆ ನಮಗೆ ಗೊತ್ತಿರುವಂಥ ವಿಳಾಸ ಇಲ್ಲ.

ರಾಜಧಾನಿ ಸಾನ್ ಹೊಸೆಯಲ್ಲಿ ಬೀದಿಗಳಿಗೆ ನಂಬರ್ ಇದೆ, ಬೋರ್ಡೂ ಇದೆ. ಆದರೆ ಅದನ್ನು ಬಳಸುವವರು ಕಮ್ಮಿ. ಗೊತ್ತಿರುವ ಒಂದು ಜಾಗ ಹಿಡಿದು, ಅಲ್ಲಿಂದ ಇಷ್ಟು ಮೀಟರ್ ದಕ್ಷಿಣಕ್ಕೆ, ಇಷ್ಟು ಮೀಟರ್ ಪಶ್ಚಿಮಕ್ಕೆ ಅಂತಲೇ ಹೇಳುತ್ತಾರೆ. ಪತ್ರದ ಮೇಲೂ ಹಾಗೇ ಬರೆಯುತ್ತಾರೆ, ಪೋಸ್ಟಿನವರು ತಲುಪಿಸುತ್ತಾರೆ. 100 ಮೀಟರ್ ಅಂದರೆ ಟೇಪು ಹಿಡಿದು ಅಳೆದ 100 ಮೀಟರ್ ಅಲ್ಲ, ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆವರೆಗೆ. ಅದು 80 ಇರಬಹುದು, 130 ಇರಬಹುದು. ನಮ್ಮ ವಸತಿಯ ವಿಳಾಸ ಬಂದದ್ದು ಹೀಗೆ: ಚರ್ಚಿನಿಂದ 200 ಮೀಟರ್ ದಕ್ಷಿಣ, 50 ಮೀಟರ್ ಪಶ್ಚಿಮ, ಹಸಿರು ಗೇಟು.

ಫೋನು ಒಂದು ಪೇರಲೆ ತೋಟದ ಬೇಲಿಯ ಹತ್ತಿರ ತಂದು ನಿಲ್ಲಿಸಿ, ನೀವು ತಲುಪಿದಿರಿ ಅಂದಿತು. ಅಲ್ಲಿಯ ಜನ ದಾರಿ ಹುಡುಕಲು ಹೆಚ್ಚಾಗಿ ವೇಜ್ ಆಪ್ ಬಳಸುತ್ತಾರಂತೆ. ಅದನ್ನು ಹಾಕಿಕೊಂಡೆವು. ಅದು ಪೇರಲೆ ತೋಟದ ಇನ್ನೊಂದು ಬದಿಗೆ ಕರೆದುಕೊಂಡು ಹೋಯಿತು. ಕತ್ತಲಾಗುತ್ತಾ ಬಂತು. ಕತ್ತಲಿನ ಬಗ್ಗೆಯೂ ಒಂದು ಮಾತು: ವರ್ಷದ ಯಾವ ತಿಂಗಳಲ್ಲಿ ಹೋದರೂ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಅಮೆರಿಕಾದ ಬೇಸಿಗೆಯಲ್ಲಿ ರಾತ್ರಿ ಎಂಟೂವರೆಗೂ ಬೆಳಕು ನೋಡಿ ರೂಢಿಯಾದವರಿಗೆ ಇದು ಮೋಸ ಅನ್ನಿಸುತ್ತದೆ. ಬೀದಿದೀಪ ಇಲ್ಲದ ಬೆಟ್ಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸುವ ಯೋಜನೆ ಇಟ್ಟುಕೊಳ್ಳಬೇಡಿ.

ಆಗ ಹಿಂದಿನ ಸೀಟಿನಿಂದ ಮಾವ ಬಾಯಿಬಿಟ್ಟರು. "ಫೋನ್ ಒಳಗಿಡಿ. ಚರ್ಚಿಗೆ ವಾಪಸ್ ಹೋಗೋಣ." ಹೋದೆವು. ಇಳಿದು ಚರ್ಚಿನ ಎದುರು ನಿಂತರು. ಸೂರ್ಯ ಮುಳುಗಿದ ಕಡೆ ಒಮ್ಮೆ ನೋಡಿದರು. ಅಲ್ಲಿನ ಹಳೆಯ ಚರ್ಚುಗಳ ಬಾಗಿಲು ಸಾಮಾನ್ಯವಾಗಿ ಪಶ್ಚಿಮಕ್ಕಿರುತ್ತದೆ. ನಾನು ಎಲ್ಲೋ ಓದಿದ್ದೆ, ಮಾವ ಓದಿರಲಿಲ್ಲ. ಅವರಿಗೆ ಅದರ ಅಗತ್ಯವೂ ಬೀಳಲಿಲ್ಲ. ತೋಟದಲ್ಲಿ "ಮೂಡು ಬದಿಯ ಬಸಿಗಾಲುವೆ, ಪಡು ಬದಿಯ ಅಗಳ" ಅಂತಲೇ ಮಾತಾಡುವ ಮನುಷ್ಯ. "ತೆಂಕಕ್ಕೆ ಎರಡು ಅಡ್ಡರಸ್ತೆ, ಆಮೇಲೆ ಪಡುವಕ್ಕೆ ಅರ್ಧ" ಅಂತ ನಡೆದೇಬಿಟ್ಟರು. ನಾವು ಕಾರಿನಲ್ಲಿ ಹಿಂದೆ ಹಿಂದೆ. ಸರಿಯಾಗಿ ಒಂದು ಗೇಟಿನ ಮುಂದೆ ನಿಂತು ತಟ್ಟಿದರು. ಗೇಟು ಬಿಳಿ ಇತ್ತು.

ಒಳಗಿನಿಂದ ಬಂದ ಮನೆಯಾಕೆ ನಗುತ್ತಾ ಹೇಳಿದರು, ಬಣ್ಣ ಹೊಡೆಸಿ ಸುಮಾರು ಕಾಲವಾಯಿತಂತೆ. ವಿಳಾಸದಲ್ಲಿ ಮಾತ್ರ ಹಸಿರೇ ಉಳಿದಿದೆ. ಎಲ್ಲರಿಗೂ ಗೊತ್ತಲ್ಲ, ಯಾಕೆ ಬದಲಾಯಿಸಬೇಕು?

ಇದನ್ನು ಕೇಳಿ ನಗಬೇಡಿ. ಸಾನ್ ಹೊಸೆಯ ಪೂರ್ವಕ್ಕಿರುವ ಸಾನ್ ಪೆದ್ರೊದಲ್ಲಿ ಒಂದು ದೊಡ್ಡ ಅತ್ತಿಜಾತಿಯ ಮರ ಇತ್ತು. ಮರ ಹೋಗಿ ಎಷ್ಟೋ ಕಾಲವಾಯಿತು. ಇವತ್ತಿಗೂ "ಹಳೇ ಮರದಿಂದ 100 ಮೀಟರ್" ಅಂತಲೇ ವಿಳಾಸ ಹೇಳುತ್ತಾರೆ. ನಗರದ ಒಂದು ಬಸ್ ನಿಲ್ದಾಣಕ್ಕೆ ಕೋಕಾ ಕೋಲಾ ಅಂತ ಹೆಸರು, ಯಾಕೆಂದರೆ ಹಿಂದೆ ಅಲ್ಲಿ ಆ ಪಾನೀಯದ ಕಾರ್ಖಾನೆ ಇತ್ತು. ಈಗ ಇಲ್ಲ. ನನ್ನ ಹೆಂಡತಿಗೆ ಇದು ತೀರಾ ವಿಚಿತ್ರ ಅನ್ನಿಸಿತು. ಬೆಂಗಳೂರಿಗೆ ಹೋದಾಗಲೆಲ್ಲ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವವಳು. ಆ ಮೆಜೆಸ್ಟಿಕ್ ಟಾಕೀಸು ಎಲ್ಲಿದೆ ಅಂತ ಒಂದು ದಿನವಾದರೂ ಹುಡುಕಿದ್ದಾಳಾ?

ಟ್ಯಾಕ್ಸಿ ಬೇಕಾದರೆ ಕೆಂಪು ಬಣ್ಣದ್ದು, ಬಾಗಿಲ ಮೇಲೆ ಹಳದಿ ತ್ರಿಕೋನ ಇರುವುದನ್ನು ಹತ್ತಿ. ವಿಮಾನ ನಿಲ್ದಾಣದ್ದು ಕಿತ್ತಳೆ ಬಣ್ಣದ್ದು. ಮೀಟರಿಗೆ ಅಲ್ಲಿ ಮರಿಯಾ ಅಂತ ಕರೆಯುತ್ತಾರೆ. ಮರಿಯಾ ಓಡುತ್ತಿದ್ದಾಳಾ ಅಂತ ನೋಡಿಕೊಂಡು ಕೂರಿ. ಆಟೋ ಮೀಟರ್ ಜೊತೆ ಬಾಳ್ವೆ ಮಾಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ದುಡ್ಡು ಕೊಲೊನ್. ಒಂದು ಡಾಲರಿಗೆ ಸುಮಾರು 500, ಹೆಚ್ಚುಕಮ್ಮಿ ಆಗುತ್ತಿರುತ್ತದೆ. ಪ್ರವಾಸಿಗಳು ಹೋಗುವ ಕಡೆ ಡಾಲರೂ ನಡೆಯುತ್ತದೆ, ಚಿಲ್ಲರೆ ಮಾತ್ರ ಕೊಲೊನ್‌ನಲ್ಲಿ ಬರುತ್ತದೆ. ನೋಟುಗಳು ಬಹಳ ಚಂದ. 1000ದ ಮೇಲೆ ಜಿಂಕೆ, 2000ದ ಮೇಲೆ ಶಾರ್ಕ್, 5000ದ ಮೇಲೆ ಮಂಗ, 10,000ದ ಮೇಲೆ ಸ್ಲಾತ್ ಅನ್ನುವ ಮರದ ಮೇಲಿನ ಮಹಾಸೋಮಾರಿ ಪ್ರಾಣಿ, 20,000ದ ಮೇಲೆ ಹಮ್ಮಿಂಗ್‌ಬರ್ಡ್. ಹೋಟೆಲ್ ಬಿಲ್ಲಿನಲ್ಲಿ 13 ಪರ್ಸೆಂಟ್ ತೆರಿಗೆ, 10 ಪರ್ಸೆಂಟ್ ಸರ್ವಿಸ್ ಮೊದಲೇ ಸೇರಿರುತ್ತದೆ. ಅಮೆರಿಕಾದ ಟಿಪ್ಸ್ ಭಯ ಇಲ್ಲಿ ಬೇಡ.

ಸ್ಲಾತ್ ಅಂದೆನಲ್ಲ, ಅದನ್ನು ನೋಡಲೆಂದು ಬೈನಾಕ್ಯುಲರ್, ದುರ್ಬೀನು, ಸ್ಟ್ಯಾಂಡು ಎಲ್ಲ ಹೊತ್ತ ಗೈಡ್ ಒಬ್ಬನನ್ನು ಗೊತ್ತು ಮಾಡಿಕೊಂಡೆವು. ಅವನು ಕಾಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಉಸಿರು ಬಿಗಿಹಿಡಿದು ಮೇಲೆ ತೋರಿಸಿದ. ದುರ್ಬೀನಿನಲ್ಲಿ ಪಾಚಿ ಹಿಡಿದ ಒಂದು ಗಂಟು ಕಂಡಿತು. ಪಾಚಿ ಸುಳ್ಳಲ್ಲ, ಅದರ ಮೈಮೇಲೆ ನಿಜವಾಗಿಯೂ ಪಾಚಿ ಬೆಳೆಯುತ್ತದೆ. ವಾರಕ್ಕೆ ಒಂದು ಸಲವೋ ಏನೋ ಮಲವಿಸರ್ಜನೆಗೆ ಮಾತ್ರ ಮರದಿಂದ ಇಳಿಯುತ್ತದಂತೆ. "ಇವತ್ತು ಆ ದಿನವಾ ಕೇಳಿ" ಅಂದರು ಮಾವ. ಆ ದಿನ ಆಗಿರಲಿಲ್ಲ. ಕಾದೆವು. ಗಂಟು ಅಲ್ಲಾಡಲಿಲ್ಲ. ಗೈಡಿಗೆ ಸ್ಲಾತ್ ಇರುವ ಹಸಿರು ನೋಟನ್ನೇ ಕೊಡುವಾಗ ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದರಲ್ಲೇ ಸ್ಪಷ್ಟ ಕಾಣ್ತದಲ್ಲ."

ಅರೆನಾಲ್ ಜ್ವಾಲಾಮುಖಿಯದ್ದೂ ಹೆಚ್ಚುಕಮ್ಮಿ ಇದೇ ಕತೆ. 1968ರಲ್ಲಿ ಅದು ಸಿಡಿಯುವವರೆಗೆ ಸುತ್ತಲಿನವರಿಗೆ ಅದು ಬರೀ ಒಂದು ಬೆಟ್ಟ. ಆಮೇಲೆ 2010ರವರೆಗೆ ಬೆಂಕಿ ಕಾರುತ್ತಲೇ ಇತ್ತು. ಈಗ ಸುಮ್ಮನಿದೆ. ಜ್ವಾಲಾಮುಖಿ ಕಾಣುತ್ತದೆ ಅಂತ ಜಾಸ್ತಿ ಬಾಡಿಗೆ ಕೊಟ್ಟು ಹಿಡಿದ ರೂಮಿನ ಕಿಟಕಿಯಿಂದ ನಮಗೆ ಕಂಡದ್ದು ಬಿಳೀ ಮೋಡ. ಮಳೆಗಾಲ ಮೇನಿಂದ ನವೆಂಬರ್‌ವರೆಗೆ, ನಾವು ಹೋದದ್ದು ಆಗಲೇ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮಳೆ. ಕೆರಿಬಿಯನ್ ಕರಾವಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಬೇರೆಡೆ ಮಳೆ ಜೋರಿರುವ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಲ್ಲಿ ಒಣಹವೆ ಇರುತ್ತದೆ. ನಾವಿದ್ದ ಅರೆನಾಲ್ ಕಡೆ ಒಗೆದ ಬಟ್ಟೆ ಒಣಗಲೇ ಇಲ್ಲ. ಅತ್ತೆ ಚೀಲದಿಂದ ನೈಲಾನ್ ಹಗ್ಗ ತೆಗೆದು ಜ್ವಾಲಾಮುಖಿ ಕಾಣಬೇಕಾಗಿದ್ದ ಕಿಟಕಿಗೇ ಅಡ್ಡ ಕಟ್ಟಿದರು.

ಅತ್ತೆಯ ಚೀಲದಲ್ಲಿ ಇನ್ನೂ ಏನೇನೋ ಇತ್ತು. ಒಂದು ಚೊಂಬು. ಅದರ ಬೆಲೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅಲ್ಲಿ ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕುವಂತಿಲ್ಲ, ಪೈಪು ಕಟ್ಟಿಕೊಳ್ಳುತ್ತದೆ. ಪಕ್ಕದ ಬುಟ್ಟಿಗೆ ಹಾಕಬೇಕು. ಚೊಂಬಿದ್ದವರಿಗೆ ಈ ತಾಪತ್ರಯವೇ ಇಲ್ಲ. ಇನ್ನೊಂದು, ಶಿವಮೊಗ್ಗದಲ್ಲಿ ಕೊಂಡ ಪುಟ್ಟ ಕರೆಂಟ್ ಕುಕ್ಕರ್. ಅಮೆರಿಕಾದ ಹಾಗೆ ಇಲ್ಲೂ 120 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್ ಇಲ್ಲಿ ಕಾಲು ಭಾಗದಷ್ಟೇ ಶಾಖ ಕೊಡುತ್ತದೆ. ಬೆಳಿಗ್ಗೆ ಹಾಕಿದ ಅಕ್ಕಿ ಮಧ್ಯಾಹ್ನದ ಹೊತ್ತಿಗೆ ನೆನೆದಿತ್ತು. ಬೆಂದಿರಲಿಲ್ಲ. ಅತ್ತೆ ಛಲ ಬಿಡದೆ ಅದನ್ನೇ ರುಬ್ಬಿ ದೋಸೆ ಹೊಯ್ಯಬಹುದಿತ್ತು ಅಂದರು, ಪುಣ್ಯಕ್ಕೆ ಮಿಕ್ಸಿ ತಂದಿರಲಿಲ್ಲ.

ಕರೆಂಟಿನ ಮಾತು ಬಂತಲ್ಲ, ಸ್ನಾನದ ಮನೆಯ ಷವರ್ ನೋಡಿ ಗಾಬರಿಯಾಗಬೇಡಿ. ಅಗ್ಗದ ವಸತಿಗಳಲ್ಲಿ ನೀರು ಕಾಯುವುದು ಷವರಿನ ತಲೆಯೊಳಗೇ. ಎರಡು ವೈರು ಗೋಡೆಯಿಂದ ಬಂದು ಅದರೊಳಗೆ ಹೋಗಿರುತ್ತವೆ. ಬಿಸಿ ಜಾಸ್ತಿ ಬೇಕಾದರೆ ನಲ್ಲಿ ಸಣ್ಣ ಮಾಡಬೇಕು. ಮಾವ ಒಂದು ದಿನವೂ ಅದರ ಕೆಳಗೆ ನಿಲ್ಲಲಿಲ್ಲ. ಬಕೆಟ್ ಇಲ್ಲದ್ದರಿಂದ ಕಸದ ಬುಟ್ಟಿ ತೊಳೆದು, ನೀರು ತುಂಬಿ, ಅತ್ತೆಯ ಚೊಂಬಿನಿಂದ ಹೊಯ್ದುಕೊಂಡರು. ನಲ್ಲಿ ನೀರು ಬಹಳ ಕಡೆ ಕುಡಿಯಲೂ ಆಗುತ್ತದೆ, ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹುಷಾರಾಗಿರಬೇಕು, ಹೆದರಬೇಕಾಗಿಲ್ಲ. ಅಲ್ಲಿ ಸಣ್ಣ ಹೋಟೆಲಿಗೆ ಸೋಡಾ ಅಂತಾರೆ. ಬೆಳಿಗ್ಗೆ ಗಾಯೊ ಪಿಂತೊ. ಹಿಂದಿನ ದಿನದ ಅನ್ನಕ್ಕೆ ಬೇಯಿಸಿದ ಕಪ್ಪು ಬೀನ್ಸ್, ಈರುಳ್ಳಿ, ಕೆಂಪು ದಪ್ಪಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಬಾಡಿಸುತ್ತಾರೆ. ಮೇಲೆ ಲಿಸಾನೊ ಅನ್ನುವ ಕಂದು ಸಾಸ್. 1920ರಿಂದ ಇದೆ, ಜೀರಿಗೆ ವಾಸನೆ ಬರುತ್ತದೆ. ಉಳಿದ ಅನ್ನಕ್ಕೆ ಒಗ್ಗರಣೆ ಕೊಟ್ಟು ಬೆಳಿಗ್ಗೆ ತಿನ್ನುವ ಜನ ಇನ್ನೊಂದು ಕಡೆ ಇದ್ದಾರೆ ಅಂತ ಗೊತ್ತಾದ ಮೇಲೆ ಅತ್ತೆಗೆ ಆ ದೇಶದ ಬಗ್ಗೆ ಗೌರವ ಬಂತು. ಮಧ್ಯಾಹ್ನ ಕಸಾದೊ: ಅನ್ನ, ಬೀನ್ಸ್, ಸಲಾಡ್, ಕರಿದ ಬಾಳೆಹಣ್ಣು, ಜೊತೆಗೆ ಮೀನೋ ಕೋಳಿಯೋ. ಮಾಂಸ ಬೇಡ ಅಂದರೆ ಹಂದಿಮಾಂಸದ ಸಣ್ಣ ಚೂರು, ಟ್ಯೂನಾ ಮೀನು, ಕೋಳಿ ಇವೆಲ್ಲ ಬರಬಹುದು. ಅಲ್ಲಿಯವರ ಲೆಕ್ಕದಲ್ಲಿ ಮಾಂಸ ಅಂದರೆ ಮುಖ್ಯವಾಗಿ ದನದ್ದು. ಒಂದೊಂದರ ಹೆಸರು ಹಿಡಿದು ಬೇಡ ಅನ್ನಿ. ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತಲೂ ಕೇಳಿ.

ಒಂದು ಸೋಡಾದಲ್ಲಿ ಅತ್ತೆ ತಟ್ಟೆಯ ಪಲ್ಯದಿಂದ ಒಂದು ಹೋಳು ಎತ್ತಿ, ಮೂಸಿ, ಬಾಯಿಗೆ ಹಾಕಿಕೊಂಡು, "ಸೀಮೆಬದನೆ!" ಅಂತ ಕೂಗಿದರು. ಹೌದು, ಅದೇ. ಜೋಳದ ಕಾಳು ಹಾಕಿ ಮಾಡಿದ್ದರು. ಸೀಮೆಯಿಂದ ಬಂದದ್ದು ಅಂತ ನಾವು ಹೆಸರಿಟ್ಟ ಆ ಕಾಯಿಯ ತವರು ಈ ಕಡೆಯೇ. ಅಡುಗೆಯಾಕೆಯನ್ನು ಹೊರಗೆ ಕರೆಸಿದರು. ಆಮೇಲೆ ಅತ್ತೆ ಕನ್ನಡದಲ್ಲಿ, ಆಕೆ ಸ್ಪ್ಯಾನಿಷ್‌ನಲ್ಲಿ ಬಹಳ ಹೊತ್ತು ಮಾತಾಡಿದರು. ಸಿಪ್ಪೆಯ ಚಟ್ನಿ ಮಾಡುವ ಕ್ರಮ ಆಕೆಗೆ ಅರ್ಥವಾಗಿದೆ ಅಂತ ಅತ್ತೆ ಈಗಲೂ ನಂಬಿದ್ದಾರೆ. ಮರಗೆಣಸು, ಕೆಸುವಿನ ಗೆಡ್ಡೆ, ಲಕ್ಷ್ಮಣಫಲ ಎಲ್ಲವೂ ಸಂತೆಯಲ್ಲಿ ಸಿಕ್ಕವು. ಆಗುಂಬೆಯ ವಾದಕ್ಕೆ ಮಾವನಿಗೆ ಇನ್ನಷ್ಟು ಬಲ ಬಂತು.

ಕಾಫಿಯಲ್ಲಿ ಮಾತ್ರ ಅವರು ಸೋತರು. ಮರದ ಸ್ಟ್ಯಾಂಡಿಗೆ ಬಟ್ಟೆಯ ಚೀಲ ನೇತುಹಾಕಿ, ಪುಡಿ ತುಂಬಿ, ಕುದಿನೀರು ಹೊಯ್ಯುತ್ತಾರೆ. ಅದಕ್ಕೆ ಚೊರೆಯಾದೊರ್ ಅಂತಾರೆ. ಚಿಕೋರಿ ಗೊತ್ತೇ ಇಲ್ಲ. 1989ರಿಂದ 2018ರವರೆಗೆ ಆ ದೇಶದಲ್ಲಿ ರೊಬಸ್ಟಾ ಬೆಳೆಯುವುದಕ್ಕೇ ನಿಷೇಧ ಇತ್ತು, ಅರೇಬಿಕಾ ಮಾತ್ರ ಬೆಳೆಯಬೇಕಿತ್ತು. ಇದನ್ನು ಕೇಳಿ ಮಾವ ಲೋಟ ಕೆಳಗಿಟ್ಟು ಒಂದು ನಿಮಿಷ ಸುಮ್ಮನಾದರು. ಅವರ ತೋಟದ ಅಡಿಕೆಯ ನಡುವೆ ಇರುವುದು ರೊಬಸ್ಟಾ.

ಈಗ ಕೋಡುಬಳೆ. ಪೆಸಿಫಿಕ್ ಕರಾವಳಿಯಲ್ಲಿ ಮಾನ್ವೆಲ್ ಅಂತೋನಿಯೊ ಅಂತ ಒಂದು ರಾಷ್ಟ್ರೀಯ ಉದ್ಯಾನ ಇದೆ. ಕಾಡೂ ಕಡಲೂ ಒಟ್ಟಿಗೇ ಇರುವ ಜಾಗ. ಮಂಗಳವಾರ ರಜ, ಟಿಕೆಟ್ ಮೊದಲೇ ಇಂಟರ್‌ನೆಟ್‌ನಲ್ಲಿ ತೆಗೆದುಕೊಳ್ಳಬೇಕು. ಹೋಗುವ ದಾರಿಯಲ್ಲಿ ತಾರ್ಕೊಲೆಸ್ ನದಿಯ ಸೇತುವೆ ಸಿಗುತ್ತದೆ. ಕೆಳಗೆ ನೋಡಿದರೆ ದಪ್ಪ ದಪ್ಪ ಮೊಸಳೆಗಳು ಕೆಸರಿನಲ್ಲಿ ಬಿದ್ದುಕೊಂಡಿರುತ್ತವೆ. ಅವೂ ಅಲ್ಲಾಡುವುದಿಲ್ಲ, ಆದರೆ ಮಾವ ಅವುಗಳ ಬಗ್ಗೆ ಏನೂ ಟೀಕೆ ಮಾಡಲಿಲ್ಲ. ಉದ್ಯಾನದ ಗೇಟಿನಲ್ಲಿ ಚೀಲ ತಪಾಸಣೆ. ಚಿಪ್ಸ್, ಬಿಸ್ಕೆಟ್, ಬೀಜಗಳು ಒಳಗೆ ಹೋಗುವಂತಿಲ್ಲ, ಮಂಗಗಳ ಆರೋಗ್ಯ ಕೆಡುತ್ತದೆ. ಅತ್ತೆಯ ಚೀಲದಿಂದ ಕಾವಲಿನಾತ ಡಬ್ಬಿ ತೆಗೆದ. ಒಂದು ಕೋಡುಬಳೆ ಎತ್ತಿ ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ಇನ್ನೊಬ್ಬನನ್ನು ಕರೆದ. ಅವನೂ ನೋಡಿದ. ಇದು ತಿಂಡಿಯೋ, ಆಭರಣವೋ ಅಂತ ಅವರಲ್ಲೇ ಚರ್ಚೆ ಆದ ಹಾಗಿತ್ತು. ಕೊನೆಗೆ ಅತ್ತೆಯೇ ಒಂದನ್ನು ಕಟಕ್ ಅಂತ ಕಡಿದು ತೋರಿಸಿದರು. ತಿಂಡಿ ಅಂತ ತೀರ್ಮಾನ ಆಯಿತು. ಹೊರಗೇ ಖಾಲಿ ಮಾಡಿ ಬನ್ನಿ ಅಂದರು.

ಹೊರಗೆ ಬೇಲಿಕಟ್ಟೆಯ ಮೇಲೆ ಕೂತು ನಾಲ್ಕೂ ಜನ ಕೋಡುಬಳೆ ಮುರಿಯತೊಡಗಿದೆವು. ಬಿಳಿ ಮುಖದ ಕಪುಚಿನ್ ಮಂಗ ಯಾವ ಮರದಿಂದ ಇಳಿಯಿತೋ ತಿಳಿಯಲಿಲ್ಲ, 5000ದ ನೋಟಿನ ಮೇಲಿರುವುದೇ ಅದು. ಮಾವ ತಿರುಗಿಯೂ ನೋಡದೆ, ತೋಟದಲ್ಲಿ ಬಾಳೆಗೊನೆಗೆ ಬಂದ ಮಂಗನನ್ನು ಓಡಿಸುವ ಹಾಗೆ "ಹೋಯ್!" ಅಂದರು. ತೀರ್ಥಹಳ್ಳಿಯಲ್ಲಿ ಆ ಒಂದು ಕೂಗಿಗೆ ಇಡೀ ಹಿಂಡು ಜಾಗ ಖಾಲಿ ಮಾಡುತ್ತದಂತೆ. ಇದು ಹಲ್ಲು ಕಿರಿಯಿತು. ಡಬ್ಬಿಗೆ ಕೈಹಾಕಿ, ಎರಡು ಕೋಡುಬಳೆ ಎತ್ತಿಕೊಂಡು, ಒಂದನ್ನು ಬಾಯಿಯಲ್ಲಿಟ್ಟು ಇನ್ನೊಂದನ್ನು ಹಿಡಿದು ಕೊಂಬೆ ಹತ್ತಿತು. ಬ್ಯಾಡಗಿ ಮೆಣಸಿನ ಖಾರ ಅದಕ್ಕೆ ಯಾವಾಗ ತಗುಲಿತೋ, ಮೇಲಿನಿಂದ ಅರ್ಧ ತುಂಡು ಮಾವನ ಟೋಪಿಯ ಮೇಲೆ ಬಿತ್ತು. ಕಾವಲಿನವರಿಬ್ಬರೂ ನಮ್ಮನ್ನೇ ಗುರಾಯಿಸುತ್ತಿದ್ದರು. ಮಂಗಕ್ಕೆ ತಿನ್ನಿಸಿದ ಅಪರಾಧ ನಮ್ಮದಲ್ಲ ಅಂತ ವಿವರಿಸಲು ಫೋನಿನ ಅನುವಾದ ಸಾಕಾಗಲಿಲ್ಲ.

ಸೈನ್ಯವೇ ಇಲ್ಲದ ದೇಶ ಅದು. 1948ರ ಡಿಸೆಂಬರ್‌ನಲ್ಲಿ ಆಗಿನ ಸರ್ಕಾರದ ಮುಖ್ಯಸ್ಥ ಹೊಸೆ ಫಿಗೆರೆಸ್ ಸೈನ್ಯವನ್ನೇ ರದ್ದು ಮಾಡಿದರು. ರಾಜಧಾನಿಯ ಬ್ಯಾರಕ್ ಈಗ ರಾಷ್ಟ್ರೀಯ ಮ್ಯೂಸಿಯಂ, ಗೋಡೆಯ ಮೇಲೆ ಗುಂಡಿನ ಗುರುತು ಇನ್ನೂ ಇವೆ. ಮಾವ ಆ ಗುರುತಿನಲ್ಲಿ ಬೆರಳಿಟ್ಟು ನೋಡಿ, "ಸೈನ್ಯ ಬೇಡ ಸರಿ. ಮಂಗಕ್ಕಾದರೂ ನಾಲ್ಕು ಜನ ಇಟ್ಕೋಬೇಕಿತ್ತು" ಅಂದರು.

ಹೊರಡುವ ದಿನ ಅತ್ತೆ ಸಂತೆಯಿಂದ ಬೆಲ್ಲ ತಂದರು. ಅಚ್ಚಿನಲ್ಲಿ ಹೊಯ್ದ ಗಟ್ಟಿ ಕಂದು ಅಚ್ಚುಬೆಲ್ಲ, ತಾಪಾ ದೆ ದುಲ್ಸೆ ಅಂತಾರೆ. ಅದನ್ನು ಬಿಸಿನೀರಲ್ಲಿ ಕರಗಿಸಿ ಕುಡಿಯುವ ರೂಢಿ ಅಲ್ಲಿದೆ. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವ ಊರಿನವರಿಗೆ ಇನ್ನೇನು ಬೇಕು? ಮಾವ ಬೇರೆಯಾಗಿ ಒಂದು ದೊಡ್ಡ ಬಾಟಲಿ ಲಿಸಾನೊ ಸಾಸ್ ಕೊಂಡು ಯಾರಿಗೂ ಹೇಳದೆ ಕೈಚೀಲಕ್ಕೆ ಇಳಿಸಿದ್ದರು. ದೇಶ ಬಿಡುವ ತೆರಿಗೆ ಈಗ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಅದಕ್ಕೆ ಕ್ಯೂ ಇಲ್ಲ. ತಪಾಸಣೆಗೆ ಇದೆ. ಎಕ್ಸ್‌ರೇ ಯಂತ್ರದಲ್ಲಿ ಬೆಲ್ಲದ ಅಚ್ಚುಗಳು ಏನಾಗಿ ಕಂಡವೋ, ಇಬ್ಬರು ಮೂವರು ಸೇರಿದರು. ಬಿಚ್ಚಿದರು, ಮೂಸಿದರು, ನಕ್ಕರು, ವಾಪಸ್ ಕಟ್ಟಿಕೊಟ್ಟರು. ಸಾಸ್ ಬಾಟಲಿ ಮಾತ್ರ ಎತ್ತಿಟ್ಟುಕೊಂಡರು. 100 ಮಿಲಿಲೀಟರಿಗಿಂತ ಜಾಸ್ತಿ.

ಮಾವ ಜಗ್ಗಲಿಲ್ಲ. "ಅದನ್ನ ಬಿಸಾಡ್ತಾರಾ, ಮನೆಗೆ ತಗೊಂಡು ಹೋಗ್ತಾರಾ ಕೇಳಿ ಮಾರಾಯ್ರೇ."

ಬಿಸಾಡುತ್ತೇವೆ ಅಂದಳು ತಪಾಸಣೆಯಾಕೆ.

"ಹಾಗಾದ್ರೆ ಒಂದು ಪ್ಲೇಟ್ ಅನ್ನ ಎಲ್ಲಿ ಸಿಗ್ತದೆ ಕೇಳಿ. ಇಲ್ಲೇ ಮುಗಿಸಿ ಹೋಗ್ತೇನೆ."